ಎತ್ತರ ನಿಂತ ಮೇಲೂ ಬೇಕಾಗುವ ಬೆಳವಣಿಗೆ ಹಾರ್ಮೋನ್

ಸಭಿಕರಿಗೆಲ್ಲ ನಮಸ್ಕಾರ.

ಬೆಳವಣಿಗೆ ಹಾರ್ಮೋನ್ ಎಂಬ ಹೆಸರೇ ನಮ್ಮನ್ನು ಅರ್ಧ ದಾರಿ ತಪ್ಪಿಸುತ್ತದೆ. ಅದು ಮಕ್ಕಳು ಉದ್ದವಾಗಲು ಬೇಕಾದದ್ದು, ಪ್ರಾಯಕ್ಕೆ ಬಂದ ಮೇಲೆ ಅದರ ಕೆಲಸ ಮುಗಿಯಿತು ಎಂದು ವೈದ್ಯರೂ ಬಹಳ ಕಾಲ ತಿಳಿದಿದ್ದರು. ಆದರೆ ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದಲ್ಲಿರುವ ಪಿಟ್ಯುಟರಿ ಗ್ರಂಥಿ, ನಮ್ಮ ಎತ್ತರ ನಿಂತುಹೋಗಿ ಎಷ್ಟೋ ವರ್ಷ ಕಳೆದ ಮೇಲೂ, ನಾವು ಗಾಢ ನಿದ್ರೆಯಲ್ಲಿರುವ ಹೊತ್ತಿನಲ್ಲಿ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಸ್ನಾಯುವಿನ ಕಸುವು, ಹೊಟ್ಟೆಯ ಕೊಬ್ಬು, ಮೂಳೆಯ ಗಟ್ಟಿತನ, ದಿನವನ್ನು ಎದುರಿಸುವ ಉತ್ಸಾಹ, ಇವೆಲ್ಲದರಲ್ಲೂ ಅದರ ಪಾಲಿದೆ.

ಈ ಸಂಗತಿ ತಡವಾಗಿ ತಿಳಿದದ್ದಕ್ಕೆ ಔಷಧದ ಅಭಾವವೂ ಒಂದು ಕಾರಣ. 1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಮನುಷ್ಯರ ಬೆಳವಣಿಗೆ ಹಾರ್ಮೋನಿನಿಂದ ಚಿಕಿತ್ಸೆ ಕೊಟ್ಟ ಮೊದಲ ವರದಿಯನ್ನು ಪ್ರಕಟಿಸಿದಾಗ, ಆ ಹಾರ್ಮೋನನ್ನು ತೆಗೆಯಬೇಕಾಗಿದ್ದುದು ಶವಗಳ ಪಿಟ್ಯುಟರಿ ಗ್ರಂಥಿಗಳಿಂದ. ತೀವ್ರ ಕೊರತೆಯಿದ್ದ ಮಕ್ಕಳಿಗೇ ಅದು ಸಾಲದಿರುವಾಗ ದೊಡ್ಡವರ ಪ್ರಶ್ನೆಯನ್ನು ಯಾರು ಕೇಳಿಯಾರು? 1985ರಲ್ಲಿ, ಆ ಔಷಧ ಪಡೆದಿದ್ದ ಕೆಲವರು ಮಿದುಳನ್ನು ನಾಶಮಾಡುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗದಿಂದ ಸತ್ತದ್ದು ಬೆಳಕಿಗೆ ಬಂದು ಅಮೆರಿಕದಲ್ಲಿ ಅದರ ವಿತರಣೆ ನಿಂತಿತು. ಅದೇ ವರ್ಷ ಜೀನ್ ತಂತ್ರಜ್ಞಾನದಿಂದ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಒಪ್ಪಿಗೆ ದೊರೆಯಿತು. ಔಷಧ ಬೇಕಾದಷ್ಟು ಸಿಗತೊಡಗಿದ ಮೇಲೆಯೇ ದೊಡ್ಡವರ ಸರದಿ ಬಂತು. 1989ರಲ್ಲಿ ಪ್ರಕಟವಾದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಯೋಗದಲ್ಲಿ ಕೊರತೆಯಿದ್ದ 24 ವಯಸ್ಕರು ಭಾಗವಹಿಸಿದ್ದರು. ಆರು ತಿಂಗಳು ಹಾರ್ಮೋನ್ ಪಡೆದವರ ದೇಹದ ಕೊಬ್ಬು ಸರಾಸರಿ 5.7 ಕಿಲೋ ಇಳಿದಿತ್ತು, ಕೊಬ್ಬಲ್ಲದ ಭಾಗ 5.5 ಕಿಲೋ ಹೆಚ್ಚಿತ್ತು. ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದರೆ ಏನೂ ಆಗಿಲ್ಲವೆಂದೇ ಅನ್ನಿಸಬೇಕು, ಬದಲಾದದ್ದೆಲ್ಲ ಒಳಗೆ.

ಕೊರತೆ ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ದೇಶಕ್ಕೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಪಿಟ್ಯುಟರಿಯ ಗೆಡ್ಡೆ, ಅದರ ಶಸ್ತ್ರಚಿಕಿತ್ಸೆ, ವಿಕಿರಣ ಇವು ಎಲ್ಲ ಕಡೆಯೂ ಇರುವ ಕಾರಣಗಳು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಗರ್ಭಕಾಲದಲ್ಲಿ ಹಿಗ್ಗಿದ್ದ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸತ್ತುಹೋಗುವ ಶೀಹನ್ ಸಿಂಡ್ರೋಮ್ ಮಾತ್ರ ಶ್ರೀಮಂತ ದೇಶಗಳಲ್ಲಿ ಅಪರೂಪ, ಇಲ್ಲಿ ಅಷ್ಟು ಅಪರೂಪವಲ್ಲ. ಆ ತಾಯಿಗೆ ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ, ಅಂದಿನಿಂದ ಸುಸ್ತು ಬಿಟ್ಟುಹೋಗಲಿಲ್ಲ. ಮನೆಯವರು ಇದಕ್ಕೆ ಕೊಡುವ ಕಾರಣ ಒಂದೇ: “ಬಾಣಂತನ ಸರಿಯಾಗಿ ಆಗಲಿಲ್ಲ.” ಆ ಮಾತನ್ನು ಕೇಳಿದಾಗ ನಾನು ನಗುವುದಿಲ್ಲ; ಕಾಲವನ್ನು ಅವರು ಸರಿಯಾಗಿಯೇ ಗುರುತಿಸಿರುತ್ತಾರೆ, ಕಾರಣವನ್ನಷ್ಟೇ ತಪ್ಪಿರುತ್ತಾರೆ. ಇಂಥವರಿಗೆ ಮೊದಲು ಕೊಡಬೇಕಾದದ್ದು, ಪಿಟ್ಯುಟರಿಯ ಅಂಕೆಯಲ್ಲಿರುವ, ದೇಹ ಒತ್ತಡ ತಾಳಲು ಬೇಕಾದ ಹಾರ್ಮೋನಾದ ಕಾರ್ಟಿಸಾಲ್‌ನ ಬದಲಿ ಮಾತ್ರೆ, ಆಮೇಲೆ ಥೈರಾಯ್ಡ್ ಮಾತ್ರೆ. ಈ ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ. ಬೆಳವಣಿಗೆ ಹಾರ್ಮೋನಿನ ಮಾತು ಬರುವುದು ಇವೆಲ್ಲ ಹದಕ್ಕೆ ಬಂದ ಮೇಲೂ ಸುಸ್ತು ಉಳಿದರೆ.

ಆ ಉಳಿದ ಸುಸ್ತನ್ನು ಅಳೆಯುವುದು ಹೇಗೆ? ರಕ್ತಪರೀಕ್ಷೆ ಕೊರತೆಯನ್ನು ತೋರಿಸುತ್ತದೆ, ಬದುಕನ್ನು ತೋರಿಸುವುದಿಲ್ಲ. ಇದಕ್ಕೆಂದೇ 25 ಪ್ರಶ್ನೆಗಳ ಒಂದು ಪಟ್ಟಿಯಿದೆ. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕು, ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಹಗಲಲ್ಲಿ ನಿದ್ದೆ ಎಳೆಯುತ್ತದೆಯೇ, ಹಿಡಿದ ಕೆಲಸ ಮುಗಿಸಲು ಹೆಣಗಬೇಕಾಗುತ್ತದೆಯೇ, ಜನರ ನಡುವೆಯೂ ಒಂಟಿತನ ಕಾಡುತ್ತದೆಯೇ, ಇಂಥ ಸಂಗತಿಗಳು ಅದರಲ್ಲಿವೆ. ಯಾವ ಚಿಕಿತ್ಸೆ ಯಾರಿಗೆ ಕೊಡಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ತೀವ್ರ ಕೊರತೆಯಿರುವ ವಯಸ್ಕರಿಗೂ ಈ ಪಟ್ಟಿಯಲ್ಲಿ ಕನಿಷ್ಠ 11 ಅಂಕ ಇದ್ದರೆ ಮಾತ್ರ ಔಷಧ ಆರಂಭಿಸಬೇಕು, ಒಂಬತ್ತು ತಿಂಗಳ ಬಳಿಕ ಕನಿಷ್ಠ 7 ಅಂಕ ಇಳಿಯದಿದ್ದರೆ ನಿಲ್ಲಿಸಬೇಕು. ರೋಗಿಯ ಮಾತಿಗೆ ಇಷ್ಟು ತೂಕ ಕೊಟ್ಟ ನಿಯಮಗಳು ನಮ್ಮ ಶಾಸ್ತ್ರದಲ್ಲಿ ಹೆಚ್ಚಿಲ್ಲ. ಆರಂಭದಲ್ಲಿ ತುಂಬಾ ಬಳಲಿದವರಿಗೇ ಲಾಭ ಹೆಚ್ಚು. ಹೇಗೋ ಹೊಂದಿಕೊಂಡು ನೆಮ್ಮದಿಯಿಂದಿರುವವರಿಗೆ ದಿನವೂ ಚುಚ್ಚಿಕೊಳ್ಳುವ ಬೇಸರವೇ ಉಳಿದೀತು.

ಕೊರತೆಯಿಲ್ಲದವರ ವಿಷಯ ಬೇರೆ. 1990ರಲ್ಲಿ ಅರವತ್ತು ದಾಟಿದ ಹನ್ನೆರಡು ಗಂಡಸರಿಗೆ ಈ ಹಾರ್ಮೋನ್ ಕೊಟ್ಟ ಪುಟ್ಟ ಪ್ರಯೋಗವೊಂದನ್ನು ಹಿಡಿದುಕೊಂಡು ಮುಪ್ಪು ತಡೆಯುವ ಔಷಧದ ದೊಡ್ಡ ಮಾರುಕಟ್ಟೆಯೇ ಎದ್ದಿತು. ಅಂಥವರಿಗೆ ಊತ, ಕೀಲುನೋವು, ಕೈಬೆರಳುಗಳ ಜೋಮು, ಸಕ್ಕರೆಯ ಏರಿಕೆ ಇವು ಕಂಡಷ್ಟು ಖಚಿತವಾಗಿ ಲಾಭ ಕಾಣಲಿಲ್ಲ. ಕೊರತೆಯಿಲ್ಲದೆ ಕುಳ್ಳಾಗಿರುವ ಮಕ್ಕಳಲ್ಲೂ ಕೆಲವು ಸೆಂಟಿಮೀಟರ್ ಸಿಗಬಹುದು, ಆದರೆ ಅದರಿಂದ ಮಗುವಿನ ಖುಷಿ ಹೆಚ್ಚಿತೆಂದು ಹೇಳಲು ಗಟ್ಟಿ ಆಧಾರವಿಲ್ಲ.

ನಮ್ಮಲ್ಲಿ ಇದರ ಖರ್ಚು ಬಹುಪಾಲು ರೋಗಿಯ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಪೆನ್ನಿನಂಥ ಸಿರಿಂಜನ್ನು ರಾತ್ರಿ ಮಲಗುವ ಮುನ್ನ ಹೇಗೆ ಚುಚ್ಚಿಕೊಳ್ಳಬೇಕು, ಅದನ್ನು ಫ್ರಿಜ್ಜಿನ ಯಾವ ಅಂಕಣದಲ್ಲಿ ಇಡಬೇಕು ಎಂದು ಹೇಳಿಕೊಡುವ ಮೊದಲು ನಾನು ಒಂದು ಬಿಳಿ ಹಾಳೆ ಕೊಡುತ್ತೇನೆ. ಈಗ ಮಾಡಲಾಗದ ಮೂರು ಕೆಲಸಗಳನ್ನು ರೋಗಿ ಬರೆಯಬೇಕು, ಕೆಳಗೆ ಮನೆಯವರೊಬ್ಬರು ತಮಗೆ ಕಂಡದ್ದನ್ನು ಬರೆಯಬೇಕು. ಒಂಬತ್ತನೆಯ ತಿಂಗಳು ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು, ಔಷಧ ಮುಂದುವರಿಸುವುದೋ ಬಿಡುವುದೋ ಎಂದು ಮೂವರೂ ಕೂತು ತೀರ್ಮಾನಿಸುತ್ತೇವೆ.