ತೊಟ್ಟು ಹಸಿರಿರಬೇಕು

ಕೇಳುಗರಿಗೆ ನಮಸ್ಕಾರ.

ಮಾವಿನಕಾಯಿ ಕಿತ್ತು, ಹುಲ್ಲಿನಲ್ಲಿಟ್ಟು, ನಾಲ್ಕು ದಿನ ಕಾದು ಹಣ್ಣು ಮಾಡಿಕೊಳ್ಳುವುದು ನಮಗೆಲ್ಲ ಗೊತ್ತು. ಬಾಳೆ, ಸಪೋಟ, ಸೀತಾಫಲ ಎಲ್ಲ ಹಾಗೇ. ಚೆರ್ರಿ ಹಾಗಲ್ಲ. ಮರದಿಂದ ಬಿಡಿಸಿದ ಮೇಲೆ ಅದು ಮೆತ್ತಗಾದೀತು, ಬಾಡೀತು, ಆದರೆ ಒಂದು ಚೂರೂ ಸಿಹಿ ಏರುವುದಿಲ್ಲ. ಕಿತ್ತ ಗಳಿಗೆಯಲ್ಲಿ ಎಷ್ಟು ರುಚಿಯೋ ಅಷ್ಟೇ. ಇದು ನನಗೆ ತಿಳಿದದ್ದು ಹೋದ ವರ್ಷ, ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದಾಗ.

ಮಗಳು, ಅಳಿಯ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಹೋದರೆ ಬ್ರೆಂಟ್‌ವುಡ್ ಅಂತ ಊರು ಸಿಗುತ್ತದೆ. ಲಿವರ್‌ಮೋರ್ ದಾಟಿದ ಮೇಲೆ ಬೋಳು ಗುಡ್ಡಗಳು, ಅವುಗಳ ಮೇಲೆ ಗಾಳಿಯಂತ್ರಗಳು. ನಮ್ಮ ಚಿತ್ರದುರ್ಗದ ಹತ್ತಿರ ಕಾಣುತ್ತವಲ್ಲ, ಅಂಥವೇ. ಗುಡ್ಡ ಇಳಿದರೆ ಸಪಾಟು ನೆಲ, ಸಾಲು ಸಾಲು ಮರ. ಮೇ ತಿಂಗಳು ಬಂತೆಂದರೆ ಅಲ್ಲಿಯ ಚೆರ್ರಿ ತೋಟಗಳು ಜನರಿಗೆ ತೆರೆದುಕೊಳ್ಳುತ್ತವೆ. ‘ಯು-ಪಿಕ್’ ಅನ್ನುತ್ತಾರೆ, ನೀವೇ ಕಿತ್ತುಕೊಳ್ಳಿ ಅಂತ. ಕೈಗೊಂದು ಬಕೆಟ್ ಕೊಡುತ್ತಾರೆ. ಹೊರಗೆ ಬರುವಾಗ ತೂಕ ಹಾಕಿ, ಪೌಂಡಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ನಾವು ಮೂರು ಶನಿವಾರ ಮೂರು ತೋಟಕ್ಕೆ ಹೋದೆವು.

ಮೊದಲ ತೋಟದಲ್ಲಿ ಇದ್ದದ್ದು ಬ್ರೂಕ್ಸ್ ಅನ್ನುವ ತಳಿ. ಬೇಗ ಹಣ್ಣಾಗುವ ಜಾತಿ. ತೋಟದ ಹೆಂಗಸೊಬ್ಬರು ಬಂದು ಕೀಳುವ ರೀತಿ ತೋರಿಸಿಕೊಟ್ಟರು. ಹಣ್ಣು ಹಿಡಿದು ಜಗ್ಗಬಾರದು. ತೊಟ್ಟಿನ ಬುಡ ಹಿಡಿದು, ಮೇಲಕ್ಕೆ ಒಂದಿಷ್ಟು ತಿರುಚಬೇಕು. ತೊಟ್ಟು ಕೂಡುವ ಕಡೆ ಕೊಂಬೆಗೆ ಗಂಟಿನ ಹಾಗೆ ಗಿಡ್ಡನೆಯ ಕಡ್ಡಿ ಇರುತ್ತದೆ. ಅದು ಮುರಿದರೆ ಮುಂದಿನ ವರ್ಷ ಅಲ್ಲಿ ಹಣ್ಣಿಲ್ಲ. ಅದೇ ಗಂಟಿನಲ್ಲಿ ವರ್ಷವರ್ಷವೂ ಹೂ ಬರುವುದಂತೆ. ಇದನ್ನು ಕೇಳಿದ ಮೇಲೆ ನನ್ನ ಮೊಮ್ಮಗ ಒಂದೊಂದು ಹಣ್ಣನ್ನೂ ಉಸಿರು ಬಿಗಿಹಿಡಿದು ಬಿಡಿಸಿದ. ಮಲ್ಲಿಗೆ ಮೊಗ್ಗು ಬಿಡಿಸಿ ಅಭ್ಯಾಸವಿರುವ ಕೈಗೆ ಈ ಕೆಲಸ ಬೇಗ ಒಗ್ಗುತ್ತದೆ. ಬ್ರೂಕ್ಸ್ ಹಣ್ಣು ಗಟ್ಟಿ. ಕಚ್ಚಿದರೆ ಕಟ್ ಅಂತ ಸದ್ದಾಗುತ್ತದೆ. ಸಿಹಿ ಜಾಸ್ತಿ, ಹುಳಿ ಕಡಿಮೆ.

ಆಮೇಲಿನ ವಾರ ನಡುವೆ ಒಂದು ಮಳೆ ಬಂತು. ಶನಿವಾರ ಎರಡನೆಯ ತೋಟಕ್ಕೆ ಹೋದೆವು. ಅಲ್ಲೂ ಬ್ರೂಕ್ಸ್. ಕೊಂಬೆ ಬಗ್ಗಿಸಿ ನೋಡಿದರೆ ಹಣ್ಣಿನ ತುದಿಯಲ್ಲಿ ಸೀಳು, ಕೆಲವಕ್ಕೆ ತೊಟ್ಟಿನ ಸುತ್ತ ಬಳೆಯ ಹಾಗೆ ಬಿರುಕು. ಹಣ್ಣಾಗುವ ಹೊತ್ತಿಗೆ ಮಳೆ ಬಿದ್ದರೆ ಚೆರ್ರಿ ನೀರು ಕುಡಿದು ಊದುತ್ತದೆ, ಸಿಪ್ಪೆ ತಡೆಯುವುದಿಲ್ಲ. ಬ್ರೂಕ್ಸ್‌ಗೆ ಈ ಕಾಟ ಉಳಿದವಕ್ಕಿಂತ ಜಾಸ್ತಿ. ಒಡೆಯದೆ ಉಳಿದ ಹಣ್ಣೂ ಸಪ್ಪೆ. ಅದೇ ಊರು, ಅದೇ ತಳಿ, ಒಂದೇ ವಾರದ ಅಂತರ. ರುಚಿ ಮಾತ್ರ ಬೇರೆ. ಒಳಗೆ ಬಿಡಲು ತಲೆಗಿಷ್ಟು ಅಂತ ದುಡ್ಡು ತೆಗೆದುಕೊಂಡವರು ಹಣ್ಣು ಒಡೆದಿದೆ ಅಂತ ಬಾಗಿಲಲ್ಲೇ ಹೇಳಬೇಕಿತ್ತು, ಅಲ್ವಾ? ನನಗೆ ಅದು ಸರಿ ಕಾಣಲಿಲ್ಲ. ಆದರೆ ಬೆಳೆದವರ ಸಂಕಟ ಇನ್ನೂ ದೊಡ್ಡದು. ಮಳೆ ನಿಂತ ತಕ್ಷಣ ಹೆಲಿಕಾಪ್ಟರ್ ಬಾಡಿಗೆಗೆ ತಂದು, ಮರಗಳ ಮೇಲೆ ಕೆಳಮಟ್ಟದಲ್ಲಿ ಹಾರಿಸಿ, ಗಾಳಿಗೆ ನೀರು ಉದುರಿಸುವ ಬೆಳೆಗಾರರೂ ಅಲ್ಲಿದ್ದಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇ ಕೊನೆಯ ಶನಿವಾರ ಮೂರನೆಯ ತೋಟ. ಅಲ್ಲಿ ಎರಡು ಜಾತಿ: ಬಿಂಗ್ ಮತ್ತು ರೇನಿಯರ್. ಕೆಂಪಗಾದರೆ ಹಣ್ಣಾಯಿತು ಅಂತ ನಾವು ತಿಳಿಯುತ್ತೇವೆ. ಬಿಂಗ್ ವಿಷಯದಲ್ಲಿ ಅದು ತಪ್ಪು. ಕೆಂಪು ದಾಟಿ, ಹೆಚ್ಚುಕಡಿಮೆ ನೇರಳೆ ಹಣ್ಣಿನ ಬಣ್ಣಕ್ಕೆ ಬರಬೇಕು. ನಾನು ಒಂದೇ ಮರದಲ್ಲಿ ನೋಡಿದೆ. ಕೈಗೆ ಎಟುಕುವ ಕೊಂಬೆಯಲ್ಲಿ ನೆರಳಿನ ಹಣ್ಣು, ಕೆಂಪು, ಹುಳಿ ಮುಂದೆ. ಅಳಿಯಂದಿರು ಮೂರು ಕಾಲಿನ ಏಣಿ ಹಾಕಿ, ತುದಿಯಲ್ಲಿ ಬಿಸಿಲು ಉಂಡ ಹಣ್ಣು ನಾಲ್ಕು ಇಳಿಸಿಕೊಟ್ಟರು. ಕಪ್ಪಗೆ, ಬಿಸಿಲಿಗೆ ಬೆಚ್ಚಗೆ ಇದ್ದವು. ಕಚ್ಚಿದ ಕೂಡಲೇ ರಸ ಮೊಣಕೈವರೆಗೆ ಇಳಿಯಿತು. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಬೀಜದ ಹತ್ತಿರ ಒಂದು ಸಣ್ಣ ಒಗರು. ನನ್ನ ಮಟ್ಟಿಗೆ ಚೆರ್ರಿ ಅಂದರೆ ಅದು.

ರೇನಿಯರ್ ನೋಡಲು ಚೆಂದ. ಹಳದಿ ಮೈ, ಬಿಸಿಲು ಬಿದ್ದ ಕೆನ್ನೆ ಮಾತ್ರ ಕೆಂಪು. 1952ರಲ್ಲಿ ವಾಷಿಂಗ್‌ಟನ್ ರಾಜ್ಯದ ಪ್ರಾಸರ್ ಎಂಬಲ್ಲಿ ಹೆರಾಲ್ಡ್ ಫೋಗಲ್ ಅನ್ನುವವರು ಬಿಂಗ್ ಮತ್ತು ವ್ಯಾನ್ ತಳಿಗಳನ್ನು ಕೂಡಿಸಿ ಮಾಡಿದ್ದು. ಎರಡೂ ಕಡುಗೆಂಪು, ಹುಟ್ಟಿದ್ದು ಹಳದಿ! ಜೇನಿನಂಥ ಸಿಹಿ ಅದಕ್ಕೆ. ಬೆರಳು ಒತ್ತಿದರೂ ಕಂದು ಕಲೆ ಏಳುತ್ತದೆ, ಅಷ್ಟು ನಾಜೂಕು. ಮಗಳಿಗೂ ಮೊಮ್ಮಗನಿಗೂ ಅದೇ ಇಷ್ಟವಾಯಿತು. ನನಗೆ ಹುಳಿಯಿಲ್ಲದ ಸಿಹಿ ನಾಲ್ಕು ಹಣ್ಣಿಗೇ ಸಾಕಾಗುತ್ತದೆ.

ಬಿಂಗ್ ಅನ್ನುವುದು ಒಬ್ಬ ಮನುಷ್ಯನ ಹೆಸರು. 1875ರಲ್ಲಿ ಆರಿಗನ್ ರಾಜ್ಯದ ಮಿಲ್ವಾಕಿಯಲ್ಲಿ, ಸೇತ್ ಲ್ಯೂಯೆಲಿಂಗ್ ಎಂಬವರ ತೋಟದಲ್ಲಿ ಈ ತಳಿ ಹುಟ್ಟಿತು. ಅಲ್ಲಿ ಕೆಲಸಗಾರರ ಮೇಸ್ತ್ರಿಯಾಗಿದ್ದವರು ಚೀನಾದ ಅಹ್ ಬಿಂಗ್. ಅವರ ಹೆಸರನ್ನೇ ಹಣ್ಣಿಗೆ ಇಟ್ಟರು. 1889ರಲ್ಲಿ ಅವರು ಮನೆಯವರನ್ನು ನೋಡಿಕೊಂಡು ಬರಲು ಚೀನಾಕ್ಕೆ ಹೋದರಂತೆ. ಚೀನೀ ಕೂಲಿಗಳು ಅಮೆರಿಕಕ್ಕೆ ಬರದಂತೆ ಆಗ ಕಾನೂನು ಇತ್ತು. ಅವರು ಮತ್ತೆ ಆ ತೋಟಕ್ಕೆ ಬರಲಾಗಲಿಲ್ಲ. ಮಗಳು ಇದನ್ನು ಹೇಳಿದಾಗ ನನ್ನ ಬಕೆಟ್ಟಿನಲ್ಲಿ ಅರ್ಧದಷ್ಟು ಹಣ್ಣಿತ್ತು. ಸುಮ್ನೆ ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮರದ ಬುಡದಲ್ಲಿ ಕೂತೆ.

ನಮ್ಮ ಬೇಕರಿಯ ಕೇಕಿನ ಮೇಲೆ ಕೆಂಪಗೆ ಕೂತಿರುತ್ತದಲ್ಲ ಚೆರ್ರಿ, ಅದು ಬಹಳ ಸಲ ಚೆರ್ರಿಯೇ ಅಲ್ಲ. ಕವಳೆ ಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಹಾಕಿ, ಬಣ್ಣ ಕೊಟ್ಟಿದ್ದು. ಚಿಕ್ಕವಳಿದ್ದಾಗ ಬೇಲಿಯಿಂದ ಕಿತ್ತು, ಉಪ್ಪು ಖಾರ ಹಚ್ಚಿ ತಿಂದ ಕಾಯಿ ಅದೇ! ನಿಜವಾದ ಚೆರ್ರಿ ಮರಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆ ಗಡಗಡ ನಡುಗಿಸುವ ಚಳಿ ಬೇಕು. ಇಲ್ಲದಿದ್ದರೆ ಹೂವೇ ಸರಿಯಾಗಿ ಬರುವುದಿಲ್ಲ. ಮೈಸೂರಿನ ಚಳಿ ಅದಕ್ಕೆ ಸಾಲದು. ಅದಕ್ಕೇ ನಮಗೆ ಕಾಶ್ಮೀರದಿಂದ ಡಬ್ಬಿಯಲ್ಲಿ ಬರಬೇಕು.

ನಿಮ್ಮ ಮಕ್ಕಳು ಆ ಕಡೆ ಇದ್ದು, ನೀವು ಮೇ ತಿಂಗಳಲ್ಲಿ ಹೋಗುವವರಾದರೆ ಬೆಳಿಗ್ಗೆ ಬೇಗ ಹೊರಡಿ. ಮೊದಲೇ ಫೋನ್ ಮಾಡಿ, ಯಾವ ತಳಿ ಹಣ್ಣಾಗಿದೆ, ಮಳೆ ಬಂದಿತ್ತಾ ಎಂದು ಕೇಳಿ. ಮನೆಗೆ ತಂದ ಹಣ್ಣನ್ನು ತೊಳೆಯದೆ, ತೊಟ್ಟು ಕೀಳದೆ ಫ್ರಿಜ್ಜಿನಲ್ಲಿಡಿ. ತಿನ್ನುವಾಗ ಮಾತ್ರ ತೊಳೆಯಿರಿ.

ಈ ಸಲ ಜೂನಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಕಾಶ್ಮೀರದ ಚೆರ್ರಿ ಬಂದಿತ್ತು. ಅಂಗಡಿಯವರು “ತಗೊಳ್ಳಿ ಅಮ್ಮ, ಎರಡು ದಿನ ಇಟ್ರೆ ಇನ್ನೂ ಸಿಹಿ ಆಗುತ್ತೆ” ಅಂದರು. ನಾನು ಡಬ್ಬಿ ಎತ್ತಿ ತೊಟ್ಟು ನೋಡಿದೆ. ಮೇಲಿನದರ ತೊಟ್ಟು ಒಣಗಿ ಕಂದಾಗಿತ್ತು. ಕೆಳಗಿನ ಡಬ್ಬಿ ತೆಗೆಸಿದೆ. ಹಸಿರು ತೊಟ್ಟು, ಕಪ್ಪು ತಿರುಗಿದ ಹಣ್ಣು. ಒಂದು ಬಾಯಿಗೆ ಹಾಕಿಕೊಂಡು, ಎರಡು ಡಬ್ಬಿ ಕಟ್ಟಿಸಿಕೊಂಡು ಬಂದೆ.

ನಮಸ್ಕಾರ.