ಮಬ್ಬಿನಲ್ಲಿ ಕಾಣುತ್ತದೆಯೇ?

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರಲ್ಲಿ ಅರವತ್ತು ದಾಟಿದವರು ಇರುತ್ತೀರಿ. ಅವರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವ ಮಕ್ಕಳು, ಸೊಸೆಯಂದಿರೂ ಇರುತ್ತೀರಿ. ಇಬ್ಬರಿಗೂ ನಾನು ಹೇಳಬೇಕಾದ್ದು ಒಂದೇ ಮಾತು. ಹಗಲು ಬೆಳಕಿನಲ್ಲಿ ಅಕ್ಷರ ಓದಿದ ಮಾತ್ರಕ್ಕೆ ಕಣ್ಣು ಚೆನ್ನಾಗಿದೆ ಎಂದುಕೊಳ್ಳಬೇಡಿ. ಮಬ್ಬು ಬೆಳಕಿನಲ್ಲಿ ಕಾಣುತ್ತದೆಯೇ, ಅದನ್ನು ನೋಡಿ.

ನಾನು ರೆಟಿನಾ ವೈದ್ಯೆ. ಕಣ್ಣಿನ ಹಿಂಬದಿಯ ಪರದೆಯೇ ರೆಟಿನಾ. ಅದರ ನಟ್ಟನಡುವೆ ಮ್ಯಾಕುಲಾ ಎಂಬ ಪುಟ್ಟ ಜಾಗವಿದೆ, ಅಗಲ ಹೆಚ್ಚೆಂದರೆ 6 ಮಿಲಿಮೀಟರ್. ಪೇಪರ್ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖ ಗುರುತಿಸುವುದು ಎಲ್ಲವೂ ಅದರಿಂದಲೇ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಪೊರೆ ಬೇರೆ, ಇದು ಬೇರೆ. ಪೊರೆ ತೆಗೆಸಿದರೆ ಇದು ಹೋಗುವುದಿಲ್ಲ. ಇದನ್ನು ದಿನಾ ಹೇಳಿ ಹೇಳಿ ನನಗಂತೂ ಸಾಕಾಗಿದೆ.

ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಎರಡು ಬಗೆ. ಅಕ್ಷರ, ಬಣ್ಣ ನೋಡಿಕೊಳ್ಳುವವು ಶಂಕುಕೋಶಗಳು, ಸುಮಾರು 60 ಲಕ್ಷ. ಮಬ್ಬು ಬೆಳಕನ್ನು ನೋಡಿಕೊಳ್ಳುವವು ದಂಡಕೋಶಗಳು, 10 ಕೋಟಿಯ ಆಸುಪಾಸು. ಮ್ಯಾಕುಲಾ ಸವೆಯುವಾಗ ಮೊದಲು ಪೆಟ್ಟು ತಿನ್ನುವುದು ಈ ದಂಡಕೋಶ. ಅದಕ್ಕೆ ವಿಟಮಿನ್ ಎ ತಲುಪುವ ದಾರಿಯಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಹಾಗಾದರೆ ಕ್ಯಾರೆಟ್ ತಿನ್ನಲೇ ಎಂದು ದಯವಿಟ್ಟು ಕೇಳಬೇಡಿ. ಟ್ಯಾಂಕಿನಲ್ಲಿ ನೀರಿದೆ, ಪೈಪು ಕಟ್ಟಿಕೊಂಡಿದೆ. ಮೇಲಿಂದ ಇನ್ನೆರಡು ಕೊಡ ಸುರಿದು ಏನು ಬಂತು?

ಆಸ್ಪತ್ರೆಯಲ್ಲಿ ನಾವು ಮಾಡುವುದೇನು? ಝಗಝಗ ಹೊಳೆಯುವ ಚಾರ್ಟ್ ತೋರಿಸಿ ಓದಿ ಎನ್ನುತ್ತೇವೆ. ಅದು ಶಂಕುಕೋಶದ ಪರೀಕ್ಷೆ. ಮೊದಲು ಕೆಡುವುದು ಒಂದು, ನಾವು ಅಳೆಯುವುದು ಇನ್ನೊಂದು! ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದವರು 2016ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಮ್ಯಾಕುಲಾ ಸರಿಯಾಗಿಯೇ ಕಾಣುವ ಹಿರಿಯರಲ್ಲಿ, ಕತ್ತಲೆಗೆ ಹೊಂದಿಕೊಳ್ಳಲು ತಡಮಾಡುವ ಕಣ್ಣಿನವರಿಗೆ 3 ವರ್ಷದೊಳಗೆ ಈ ರೋಗ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಮಬ್ಬು ಬೆಳಕು ಮುಂಚೆಯೇ ಗುಟ್ಟು ಬಿಟ್ಟುಕೊಡುತ್ತದೆ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಮೇಷ್ಟ್ರ ಕಥೆ ಹೇಳುತ್ತೇನೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗಣಿತ. ಚಾರ್ಟನ್ನು ಕೊನೆಯ ಸಾಲಿನವರೆಗೆ ನಿಲ್ಲದೆ ಓದಿ, ಮೂರನೇ ಸಾಲು ಸ್ವಲ್ಪ ಓರೆಯಾಗಿ ಅಚ್ಚಾಗಿದೆ ಎಂದೂ ಹೇಳಿದರು. ಜೊತೆಗೆ ಬಂದ ಸೊಸೆಗೆ ಸಿಟ್ಟು. "ನೋಡಿ ಡಾಕ್ಟರ್, ಎಲ್ಲ ಕಾಣುತ್ತೆ. ಸಂಜೆ ಆದರೆ ಮಾತ್ರ ಮದುವೆಗೂ ಬರಲ್ಲ, ಹರಿಕಥೆಗೂ ಬರಲ್ಲ. ನಮ್ಮ ಜೊತೆ ಬರೋಕೆ ಮಾವನವರಿಗೆ ಇಷ್ಟವಿಲ್ಲ ಅಷ್ಟೆ." ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು.

ಅವರಿಗೆ ವಿ.ಆರ್. ಪೆಟ್ಟಿಗೆ ಹಾಕಿಸಿದೆವು. ವರ್ಚುಯಲ್ ರಿಯಾಲಿಟಿ, ನಿಮ್ಮ ಮೊಮ್ಮಕ್ಕಳು ಕಣ್ಣಿಗೆ ಕಟ್ಟಿಕೊಂಡು ಗೇಮ್ ಆಡುತ್ತಾರಲ್ಲ, ಅದೇ. ಒಳಗೆ ಕಂಪ್ಯೂಟರ್ ಕಟ್ಟಿದ ಒಂದು ಬೀದಿ: ಎದ್ದು ನಿಂತ ಫುಟ್‌ಪಾತ್ ಕಲ್ಲು, ಅಡ್ಡ ನಿಲ್ಲಿಸಿದ ಸ್ಕೂಟರ್, ಮಲಗಿದ ಒಂದು ನಾಯಿ, ಮಳೆನೀರು ನಿಂತ ಗುಂಡಿ. ಮೊದಲು ಮಟಮಟ ಮಧ್ಯಾಹ್ನದ ಬೆಳಕು. ಮೇಷ್ಟ್ರು ಸಲೀಸಾಗಿ ನಡೆದರು. ಗುಂಡಿ ಬಂದಾಗ ಪಂಚೆ ಎತ್ತಿ ಕಟ್ಟಿದರು! ಖಾಲಿ ಕೋಣೆಯಲ್ಲಿ, ಒಣ ನೆಲದ ಮೇಲೆ. ನಮ್ಮ ಹುಡುಗರು ನಗು ತಡೆದುಕೊಂಡರು.

ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಕೂರಿಸಿದೆವು. ಒಳ್ಳೆಯ ಕಣ್ಣಿಗೂ ಅದಕ್ಕೆ ಅರ್ಧ ಗಂಟೆ ಬೇಕು. ಅದೇ ಬೀದಿ, ಈಗ ದೀಪ ಹಚ್ಚುವ ಹೊತ್ತಿನ ಬೆಳಕು. ಮೇಷ್ಟ್ರು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಕಾಲಿನಿಂದ ನೆಲ ತಡವಿದರು. ಸ್ಕೂಟರಿಗೆ ನೇರ ಹೋಗಿ ಗುದ್ದಿದರು. ಸ್ಕೂಟರ್ ಇಲ್ಲವಲ್ಲ, ಹಾಗಾಗಿ ಮೊಣಕಾಲು ಉಳಿಯಿತು. ನಾಯಿಯನ್ನು ಕೊನೆಗೂ ನೋಡಲೇ ಇಲ್ಲ. ಸೊಸೆ ಪಕ್ಕದ ಪರದೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಪೆಟ್ಟಿಗೆ ತೆಗೆದ ಮೇಲೆ ಮೇಷ್ಟ್ರು ಅಂದದ್ದು ಇಷ್ಟು: "ಡಾಕ್ಟ್ರಮ್ಮಾ, ನಾನು ದಿನಾ ಸಂಜೆ ನೋಡೋ ಬೀದಿ ಇದೇ." ಆ ಹೆಣ್ಣುಮಗಳು ಮಾವನವರ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದರು.

ಅದಕ್ಕೇ ಹೇಳುತ್ತಿರುವುದು, ಮಬ್ಬಿನಲ್ಲಿ ಕಾಣುತ್ತದೆಯೇ, ಅದನ್ನು ನೋಡಿ.

ಇಂಥ ಪರೀಕ್ಷೆಗೆ ಪೆಟ್ಟಿಗೆಯೇ ಯಾಕೆ? ಮೊದಲು ನಿಜವಾದ ಅಡೆತಡೆಗಳನ್ನೇ ಇಟ್ಟು ನಡೆಸುತ್ತಿದ್ದರು. ಹುಟ್ಟಿನಿಂದ ಬರುವ ಒಂದು ರೆಟಿನಾ ರೋಗದ ಜೀನ್ ಚಿಕಿತ್ಸೆಗೆ 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಹಾಗೆ ನಡೆಸಿ ನೋಡಿಯೇ. ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಆ ಪರೀಕ್ಷೆಯಲ್ಲಿ ಬೆಳಕು 400 ಲಕ್ಸ್‌ನಿಂದ 1 ಲಕ್ಸ್‌ವರೆಗೆ ಇಳಿಯುತ್ತದೆ, ಆಫೀಸಿನ ಬೆಳಕಿನಿಂದ ರಾತ್ರಿ ಹಚ್ಚಿಡುವ ಪುಟ್ಟ ದೀಪದ ಬೆಳಕಿನವರೆಗೆ. ಆದರೆ ಅದಕ್ಕೆ ದೊಡ್ಡ ಕೋಣೆ ಬೇಕು, ರೋಗಿಗೆ ದಾರಿ ಬಾಯಿಪಾಠ ಆಗದಂತೆ ಪ್ರತಿಸಲ ಸಾಮಾನು ಬದಲಿಸಬೇಕು, ಬಿದ್ದರೆ ಹಿಡಿಯಲು ಜನ ಬೇಕು. ಪೆಟ್ಟಿಗೆಯಲ್ಲಿ ಒಂದು ಗುಂಡಿ ಒತ್ತಿದರೆ ಬೀದಿ ಬದಲಾಗುತ್ತದೆ. ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುವ ಓಲೆಡ್ ಪರದೆಯಾದರೆ ಕಪ್ಪು ಎಂದರೆ ನಿಜವಾಗಿಯೂ ಕಪ್ಪು. ಇನ್ನೂ ಮಬ್ಬು ಬೇಕೆಂದರೆ ಬೆಳಕನ್ನು ನೂರನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು ಹಾಕಬಹುದು. ಕಣ್ಣು ಎತ್ತ ಹೊರಳಿತು ಎಂಬುದನ್ನು ಒಳಗಿನ ಪುಟ್ಟ ಕ್ಯಾಮೆರಾ ಬರೆದಿಟ್ಟುಕೊಳ್ಳುತ್ತದೆ.

ಇದು ಆಟವಲ್ಲ. ಮ್ಯಾಕುಲಾ ಸವೆತದಲ್ಲಿ ಎರಡು ಬಗೆ: ನಿಧಾನವಾಗಿ ಸವೆಯುವ ಒಣ ಬಗೆ, ರೆಟಿನಾದ ಅಡಿಯಲ್ಲಿ ರಕ್ತನಾಳ ಸೋರುವ ಒದ್ದೆ ಬಗೆ. ಒಣ ಬಗೆ ಮುಂದುವರಿದವರಿಗೆಂದು ಪೆಗ್‌ಸೆಟಾಕೋಪ್ಲಾನ್ ಎಂಬ ಇಂಜೆಕ್ಷನ್ ಬಂತು. 2023ರಲ್ಲಿ ಅಮೆರಿಕ ಒಪ್ಪಿತು, 2024ರಲ್ಲಿ ಯುರೋಪ್ ಬೇಡ ಎಂದಿತು. ಸವೆತ ನಿಧಾನವಾದದ್ದು ಸ್ಕ್ಯಾನಿನಲ್ಲಿ ಕಾಣುತ್ತದೆ, ಆದರೆ ರೋಗಿಯ ದಿನದ ಬದುಕಿಗೆ ಅದರಿಂದ ಏನು ಲಾಭ ಎಂಬುದು ಯುರೋಪಿನವರ ತಕರಾರು. ದಿನದ ಬದುಕನ್ನು ಅಳೆಯಲು ಚಾರ್ಟ್ ಸಾಲದು. ಸಂಜೆಯ ಬೀದಿಯನ್ನೇ ಅಳೆಯಬೇಕು.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ, ಬೇಗ ಮುಗಿಸುತ್ತೇನೆ. ಬೀಡಿ ಸಿಗರೇಟು ಬಿಡಿ, ಈ ರೋಗಕ್ಕೆ ಅದು ದೊಡ್ಡ ಗೊಬ್ಬರ. ಮನೆಯಲ್ಲಿ ಹಿರಿಯರ ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಒಂದು ದೀಪ ಇರಲಿ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿ. ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಸಂಜೆಯ ತೊಂದರೆಯನ್ನು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಇನ್ನೊಂದು ವಿಷಯ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬಾಗಿಲ ಚೌಕಟ್ಟು ನೋಡಿ. ನೆಟ್ಟಗಿರುವ ಗೆರೆ ಡೊಂಕಾಗಿ ಕಂಡರೆ ಹಬ್ಬ ಮುಗಿಯಲಿ, ಮಗ ಊರಿಂದ ಬರಲಿ ಎನ್ನದೆ ತಕ್ಷಣ ತೋರಿಸಿ. ಅದು ಒದ್ದೆ ಬಗೆಯದಾಗಿದ್ದರೆ ಇಂಜೆಕ್ಷನ್ ಇದೆ, ತಡವಾದಷ್ಟೂ ಅದರ ಫಲ ಕಡಿಮೆ. ನಮಸ್ಕಾರ.