ಶಿವರಾತ್ರಿಯ ಬಿಸಿಲಿಗೆ ಥಾರ್ ಮರುಭೂಮಿಯ ಸರೀಸೃಪಗಳು

ಶ್ರೋತೃಗಳಿಗೆ ನಮಸ್ಕಾರ.

ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬ ಮಾತು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಇದೇ ಹೊತ್ತಿಗೆ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ, ಚಳಿಗಾಲವನ್ನೆಲ್ಲ ಬಿಲದೊಳಗೆ ಕಳೆದ ಓತಿಗಳು, ಉಡಗಳು, ಹಾವುಗಳು ಮೆಲ್ಲನೆ ನೆಲದ ಮೇಲಕ್ಕೆ ಬರತೊಡಗುತ್ತವೆ. ಅವುಗಳನ್ನು ಅವುಗಳ ನೆಲದಲ್ಲೇ ನೋಡಬೇಕೆಂಬ ಆಸೆ ನಮ್ಮ ಜಿಲ್ಲೆಯ ಅನೇಕ ಯುವಕ ಯುವತಿಯರಲ್ಲಿ, ಅಧ್ಯಾಪಕರಲ್ಲಿ, ಕ್ಯಾಮೆರಾ ಹಿಡಿದು ಕುರುಚಲು ಕಾಡು ಸುತ್ತುವವರಲ್ಲಿ ಇರುವುದನ್ನು ನಾನು ಬಲ್ಲೆ. ಅಂಥ ಪ್ರವಾಸವನ್ನು ಹೇಗೆ ಯೋಜಿಸಬೇಕು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ಮೊದಲು ಕಾಲದ ವಿಚಾರ. ಸರೀಸೃಪಗಳು ತಮ್ಮ ಮೈಯ ಶಾಖವನ್ನು ಒಳಗಿನಿಂದ ಉಂಟುಮಾಡಿಕೊಳ್ಳುವುದಿಲ್ಲ. ಬಿಸಿಲು ಮತ್ತು ಬಿಸಿಯಾದ ನೆಲದಿಂದ ಅದನ್ನು ಪಡೆಯುತ್ತವೆ. ಆದುದರಿಂದ ಅವು ಯಾವಾಗ ಹೊರಬರುತ್ತವೆ ಎಂಬುದನ್ನು ತಿಳಿಸುವುದು ಕ್ಯಾಲೆಂಡರ್ ಅಲ್ಲ, ನೆಲದ ಉಷ್ಣತೆ. ಜನವರಿಯ ಥಾರ್‌ನಲ್ಲಿ ರಾತ್ರಿಯ ಚಳಿ ಎಷ್ಟು ತೀವ್ರವೆಂದರೆ ಬಹುಪಾಲು ಸರೀಸೃಪಗಳು ಬಿಲದೊಳಗೇ ಉಳಿಯುತ್ತವೆ. ಏಪ್ರಿಲ್ ಕಳೆದ ಮೇಲೆ ಹಗಲಿನ ಶಾಖ ನಲವತ್ತು ಡಿಗ್ರಿಯನ್ನು ದಾಟುವುದರಿಂದ ಅವು ಮುಂಜಾನೆ ಮತ್ತು ಸಂಜೆ ಮಾತ್ರ ಕಾಣಿಸಿಕೊಂಡು, ನಡುಹಗಲಿನಲ್ಲಿ ಮತ್ತೆ ಬಿಲ ಸೇರುತ್ತವೆ. ಇವೆರಡರ ನಡುವಿನ ಅವಧಿ, ಎಂದರೆ ಫೆಬ್ರವರಿಯ ಎರಡನೆಯ ಭಾಗದಿಂದ ಮಾರ್ಚ್ ನಡುವಿನವರೆಗಿನ ದಿನಗಳು, ನೋಡುವವರಿಗೂ ಪ್ರಾಣಿಗಳಿಗೂ ಅನುಕೂಲವಾದ ಕಾಲ. ಆಗ ರಾತ್ರಿ ಇನ್ನೂ ತಂಪಾಗಿರುತ್ತದೆ, ಹಗಲು ಹಿತವಾಗಿ ಬಿಸಿಯೇರುತ್ತದೆ. ಹಾಗಾಗಿ ಹಗಲು ಚಟುವಟಿಕೆಯ ಓತಿಗಳು ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಬಂದು ಮಧ್ಯಾಹ್ನ ಮೂರರವರೆಗೂ ಬಿಸಿಲಿನಲ್ಲೇ ಇರುತ್ತವೆ. ಕಾಡಿನ ಪ್ರಾಣಿಗಳನ್ನು ನೋಡಲು ಕೋಳಿ ಕೂಗುವ ಮೊದಲೇ ಏಳಬೇಕೆಂದು ನಂಬಿದವರು ಈ ಒಂದು ಪ್ರವಾಸದಲ್ಲಿ ಆ ನಂಬಿಕೆಯನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ.

ಹಾಗೆಂದು ಆ ದಿನಗಳೆಲ್ಲ ಒಂದೇ ಬಗೆಯಾಗಿರುವುದಿಲ್ಲ. ಚಳಿಗಾಲದ ಕೊನೆಯಲ್ಲಿ ಪಶ್ಚಿಮದಿಂದ ಬರುವ ಮೋಡ ಮತ್ತು ಶೀತಗಾಳಿ ರಾಜಸ್ಥಾನವನ್ನು ಆಗಾಗ ಹೊಕ್ಕು ಒಂದೆರಡು ದಿನ ಉಷ್ಣತೆಯನ್ನು ತಟ್ಟನೆ ಇಳಿಸಿಬಿಡುತ್ತದೆ, ಮತ್ತು ಅಂಥ ದಿನಗಳಲ್ಲಿ ಬಿಲಗಳ ಮುಂದೆ ಎಷ್ಟು ಹೊತ್ತು ಕುಳಿತರೂ ಏನೂ ಕಾಣುವುದಿಲ್ಲ. ಎರಡು ದಿನಕ್ಕೆಂದು ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳುವುದಕ್ಕಿಂತ, ಜೈಸಲ್ಮೇರ್‌ನಲ್ಲಿ ಕನಿಷ್ಠ ಐದು ದಿನ ಉಳಿಯುವಂತೆ ರಜೆಯನ್ನೂ ಹಣವನ್ನೂ ಹೊಂದಿಸಿಕೊಳ್ಳುವುದು ಒಳ್ಳೆಯದು.

ಮರುಭೂಮಿ ಎಂದೊಡನೆ ಅಲೆಅಲೆಯಾದ ಮರಳು ದಿಬ್ಬಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ವಾಸ್ತವದಲ್ಲಿ ಥಾರ್‌ನ ಬಹುಭಾಗ ಗಟ್ಟಿ ನೆಲ, ಜಲ್ಲಿಕಲ್ಲಿನ ಬಯಲು, ಹುಲ್ಲುಗಾವಲು ಮತ್ತು ಕುರುಚಲು. ಅಲ್ಲಿನವರು ಖೇಜ್ರಿ ಎಂದು ಕರೆದು ಪೂಜಿಸುವ ಮರ ನಾವು ವಿಜಯದಶಮಿಯಂದು ಪ್ರದಕ್ಷಿಣೆ ಬರುವ ಬನ್ನಿಯೇ. ಚಳ್ಳಕೆರೆ, ಮೊಳಕಾಲ್ಮೂರುಗಳ ಕಡೆಯ ನೆಲವನ್ನು ನೋಡಿ ಬೆಳೆದವರಿಗೆ ಅಲ್ಲಿನ ಬಯಲು ಪೂರ್ತಿ ಅಪರಿಚಿತವೆನಿಸದು. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಇನ್ನೂರು ಮಿಲಿಮೀಟರಿನ ಆಸುಪಾಸು ಮಾತ್ರ ಎಂಬುದನ್ನು ನೆನಪಿಡಬೇಕು. ಯಾವ ಪ್ರಾಣಿಯನ್ನು ನೋಡಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ಬೇಕಾದ ನೆಲ ಯಾವುದು ಎಂಬುದನ್ನು ಆಮೇಲೆ ಹುಡುಕುವುದೇ ಯೋಜನೆಯ ತಿರುಳು.

ಗಟ್ಟಿ ನೆಲದ ಮುಖ್ಯ ನಿವಾಸಿ ಮುಳ್ಳುಬಾಲದ ಓತಿ. ಸ್ಥಳೀಯರು ಇದನ್ನು ಸಾಂಡಾ ಎನ್ನುತ್ತಾರೆ. ಬಾಲವೂ ಸೇರಿ ಒಂದು ಅಡಿಗಿಂತ ಕೊಂಚ ಉದ್ದ ಬೆಳೆಯುವ ಈ ಪ್ರಾಣಿ ನಮ್ಮ ದೇಶದ ಓತಿಗಳಲ್ಲಿ ವಿಶಿಷ್ಟವಾದುದು, ಏಕೆಂದರೆ ಬೆಳೆದ ಸಾಂಡಾ ಮುಖ್ಯವಾಗಿ ಸಸ್ಯಾಹಾರಿ. ಹುಲ್ಲು, ಎಲೆ, ಹೂವುಗಳನ್ನು ಮೇಯುತ್ತದೆ. ಒಂದೊಂದಕ್ಕೆ ಒಂದೊಂದು ಬಿಲ. ಹತ್ತಾರು ಬಿಲಗಳು ಒಂದೇ ಬಯಲಿನಲ್ಲಿ ಹರಡಿಕೊಂಡಿರುವುದರಿಂದ ದೂರದಿಂದ ನೋಡಿದರೆ ಊರೊಂದರ ಮನೆಬಾಗಿಲುಗಳಂತೆ ತೋರುತ್ತವೆ. ಬೆಳಿಗ್ಗೆ ಹೊರಬಂದಾಗ ಅದರ ಮೈ ಕಪ್ಪು ಬೂದು ಬಣ್ಣದ್ದಾಗಿದ್ದು ಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಮೈ ಕಾದಂತೆಲ್ಲ ಬಣ್ಣ ಮಾಸಿ ಮರಳಿನ ಛಾಯೆಗೆ ತಿರುಗುತ್ತದೆ. ಈ ಬದಲಾವಣೆಯನ್ನು ಒಂದೇ ಕಡೆ ಕುಳಿತು ಆರಂಭದಿಂದ ಕೊನೆಯವರೆಗೆ ನೋಡುವುದಕ್ಕಾಗಿಯೇ ಇಡೀ ಪ್ರವಾಸ ಕೈಗೊಳ್ಳಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಡುಗ, ಹದ್ದುಗಳ ನೆರಳು ಬಿದ್ದ ಕ್ಷಣವೇ ಅದು ಬಿಲಕ್ಕೆ ನುಗ್ಗಿ, ಮುಳ್ಳಿನ ಬಾಲವನ್ನು ಅಡ್ಡಗೊಟ್ಟು ದಾರಿಯನ್ನು ತಡೆಯುತ್ತದೆ. ಬೇಟೆಹಕ್ಕಿಗಳು ಪದೇಪದೇ ಬಂದು ಕೂರುವ ಬಯಲುಗಳಲ್ಲಿ ಸಾಂಡಾ ಇರುವ ಸಂಭವ ಹೆಚ್ಚು. ಜೈಸಲ್ಮೇರ್‌ವರೆಗೆ ಹೋಗಲಾಗದವರು ಚೂರೂ ಜಿಲ್ಲೆಯ ತಾಲ್ ಛಾಪರ್ ಅಭಯಾರಣ್ಯದಲ್ಲಿ, ಕೃಷ್ಣಮೃಗಗಳ ನಡುವೆಯೇ ಇವುಗಳನ್ನು ಕಾಣಬಹುದು.

ಮರಳು ದಿಬ್ಬಗಳಲ್ಲಿ ನೋಡುವ ರೀತಿಯೇ ಬೇರೆ. ಅಲ್ಲಿ ಪ್ರಾಣಿಗಿಂತ ಮೊದಲು ಅದರ ಜಾಡು ಸಿಗುತ್ತದೆ. ಗಾಳಿ ಏಳುವುದಕ್ಕೆ ಮುಂಚೆ, ಎಳೆಬಿಸಿಲು ಓರೆಯಾಗಿ ಬೀಳುವಾಗ, ರಾತ್ರಿ ಓಡಾಡಿದ ಪ್ರತಿಯೊಂದು ಜೀವಿಯ ಗುರುತೂ ಮರಳಿನ ಮೇಲೆ ಸ್ಪಷ್ಟವಾಗಿರುತ್ತದೆ. ದಿಬ್ಬಕ್ಕೆ ಮಾತ್ರ ಮುಂಜಾನೆಯೇ ಹೋಗಬೇಕು. ಮರಳಿನೊಳಗೆ ಈಜುವ ಒಂದು ಬಗೆಯ ಹಾವುರಾಣಿ, ಇದನ್ನು ಮರಳುಮೀನು ಎನ್ನುತ್ತಾರೆ, ಮೇಲ್ಮೈಯ ಕೆಳಗೇ ಸಾಗುತ್ತ ಅಂಕುಡೊಂಕಾದ ಉಬ್ಬುಗೆರೆಯೊಂದನ್ನು ಬಿಟ್ಟುಹೋಗುತ್ತದೆ. ಅದರ ಮೂತಿ ಸಲಿಕೆಯ ಹಾಗೆ ಚಪ್ಪಟೆ, ಕಾಲುಗಳು ತೀರ ಚಿಕ್ಕವು. ಕಪ್ಪೆಯ ತಲೆಯಂಥ ತಲೆಯುಳ್ಳ ಇನ್ನೊಂದು ಪುಟ್ಟ ಓತಿ ಮೈ ಅದುರಿಸುತ್ತಲೇ ಮರಳಿನೊಳಗೆ ಮುಳುಗಿಬಿಡುತ್ತದೆ. ಇದರ ವೈಜ್ಞಾನಿಕ ಹೆಸರು 1971ರ ಯುದ್ಧದಿಂದ ನಮಗೆಲ್ಲ ಪರಿಚಿತವಾದ ಲೋಂಗೇವಾಲಾದಿಂದ ಬಂದುದು. ಸಮಾನಾಂತರವಾದ, ತುದಿ ಬಾಗಿದ ಓರೆಗೆರೆಗಳು ಕಂಡರೆ ಅಲ್ಲಿ ಗರಗಸ ಮಂಡಲ ಹಾದುಹೋಗಿದೆ ಎಂದು ತಿಳಿದು, ಹೆಜ್ಜೆಯನ್ನು ನೋಡಿ ಇಡಬೇಕು.

ಗರಗಸ ಮಂಡಲ ನಮ್ಮ ಬಯಲುಸೀಮೆಯ ಕಲ್ಲುನೆಲದಲ್ಲೂ ಇರುವ ಹಾವು. ಆದರೆ ಥಾರ್‌ನಲ್ಲಿರುವುದು ನಮ್ಮದಕ್ಕಿಂತ ದೊಡ್ಡದಾಗಿ ಬೆಳೆಯುವ ಉಪಪ್ರಭೇದ. ನಮ್ಮ ದೇಶದಲ್ಲಿ ತಯಾರಾಗುವ ಹಾವಿನ ವಿಷದ ಚುಚ್ಚುಮದ್ದು ನಾಗರ, ಕಟ್ಟು ಹಾವು, ಕೊಳಕು ಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಆಧರಿಸಿದ್ದು, ಆ ವಿಷದ ಬಹುಪಾಲು ಸಂಗ್ರಹವಾಗುವುದು ತಮಿಳುನಾಡಿನಲ್ಲಿ. ಪಶ್ಚಿಮ ರಾಜಸ್ಥಾನದ ಗರಗಸ ಮಂಡಲದ ಕಡಿತಕ್ಕೆ ಈ ಮದ್ದು ನಿರೀಕ್ಷಿಸಿದಷ್ಟು ಫಲ ಕೊಡುವುದಿಲ್ಲವೆಂದು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಅಲ್ಲಿರುವ ಸಿಂಧ್ ಕಟ್ಟು ಹಾವಿನ ವಿಷವಂತೂ ಆ ನಾಲ್ಕರಲ್ಲಿ ಸೇರಿಯೇ ಇಲ್ಲ. ಊರಿನಲ್ಲಿ ಹಾವು ಹಿಡಿದು ಅನುಭವವಿದೆ ಎನ್ನುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಣಕಾಲು ಮುಚ್ಚುವ ಬೂಟು, ಸಂಜೆಯ ಮೇಲೆ ಒಳ್ಳೆಯ ಟಾರ್ಚು, ಪೊದೆಯೊಳಗೆ ಕೈ ಹಾಕದ ಶಿಸ್ತು ಇವು ಕಡ್ಡಾಯ. ಕಡಿತವಾದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡದೆ, ಕಡಿತವಾದ ಅಂಗವನ್ನು ಅಲುಗಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆದಕಾರಣ ಪ್ರತಿದಿನ ವಾಹನವೊಂದು ಕೈಗೆಟಕುವ ದೂರದಲ್ಲೇ ಇರಬೇಕು.

ಪ್ರಯಾಣದ ವಿಚಾರ ಸರಳ. ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ದಾವಣಗೆರೆ, ಹುಬ್ಬಳ್ಳಿಗಳ ಮೂಲಕವೇ ಸಾಗುತ್ತದೆ. ಜೋಧಪುರದಿಂದ ಜೈಸಲ್ಮೇರ್‌ಗೆ ರೈಲೂ ಬಸ್ಸೂ ಇವೆ. ಮರುಭೂಮಿ ರಾಷ್ಟ್ರೀಯ ಉದ್ಯಾನವು ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3162 ಚದರ ಕಿಲೋಮೀಟರ್ ಹರಡಿಕೊಂಡಿದೆ. ಅದನ್ನು ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿಯೂ, ಗಡಿಗೆ ಹತ್ತಿರದ ಕೆಲವು ಪ್ರದೇಶಗಳಿಗೆ ಜಿಲ್ಲಾಡಳಿತದ ಅನುಮತಿಯೂ ಬೇಕಾಗುವುದರಿಂದ ಗುರುತಿನ ಚೀಟಿಗಳೊಂದಿಗೆ ಮೊದಲೇ ಅರ್ಜಿ ಸಲ್ಲಿಸಬೇಕು. ಆ ನೆಲವನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗಬಾರದು. ಗುಂಪಿನಲ್ಲಿ ನಾಲ್ಕೈದು ಜನರಿದ್ದರೆ ಸಾಕು.

ಹೊರಡುವ ಮೊದಲು ಕಣ್ಣಿಗೆ ತರಬೇತಿ ಬೇಕು, ಅದಕ್ಕೆ ಚಿತ್ರದುರ್ಗಕ್ಕಿಂತ ಒಳ್ಳೆಯ ಜಾಗವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೋಟೆಯ ಬಂಡೆಗಳ ಮೇಲೆ, ಚಂದ್ರವಳ್ಳಿಯ ಸುತ್ತ, ಜೋಗಿಮಟ್ಟಿಯ ತಪ್ಪಲಿನಲ್ಲಿ ಬಂಡೆ ಓತಿಗಳಿವೆ. ಜನವರಿಯ ಒಂದು ಭಾನುವಾರ ಅವುಗಳ ಮುಂದೆ ಎರಡು ಗಂಟೆ ಅಲುಗದೆ ಕುಳಿತು, ಎಷ್ಟು ಹೊತ್ತಿಗೆ ಹೊರಬಂದವು, ಬಿಸಿಲಿಗೆ ಯಾವ ಮಗ್ಗುಲು ಒಡ್ಡಿದವು, ಆಮೇಲೆ ಮೆಲ್ಲನೆ ಎದ್ದು ಎಷ್ಟು ಹತ್ತಿರ ಹೋದಾಗ ತಲೆ ಎತ್ತಿದವು, ಇನ್ನೆಷ್ಟು ಹತ್ತಿರ ಹೋದಾಗ ಓಡಿಹೋದವು ಎಂಬುದನ್ನು ಬರೆದಿಟ್ಟುಕೊಳ್ಳಿ. ತಲೆ ಎತ್ತುವ ದೂರಕ್ಕೂ ಓಡುವ ದೂರಕ್ಕೂ ನಡುವಿನ ಅಂತರ ತಿಳಿದವರು ಥಾರ್‌ನಲ್ಲಿ ಸಾಂಡಾವನ್ನು ಹೆದರಿಸದೆ ನೋಡಬಲ್ಲರು.

ಹೆದರಿಸದಿರುವುದು ಇಲ್ಲಿ ಬರಿಯ ಸೌಜನ್ಯದ ಪ್ರಶ್ನೆಯಲ್ಲ. ತಿಂಗಳುಗಟ್ಟಲೆ ಆಹಾರವಿಲ್ಲದೆ, ಬಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ ಕಳೆದ ಪ್ರಾಣಿ ಈ ದಿನಗಳಲ್ಲಿ ಹೊರಬಂದಿರುತ್ತದೆ. ಅದಕ್ಕೆ ಸಿಗುವುದು ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು. ಅಷ್ಟರಲ್ಲೇ ಮೈ ಕಾಯಿಸಿಕೊಂಡು, ಮೇಯ್ದು, ಜೀರ್ಣಿಸಿಕೊಳ್ಳಬೇಕು. ಒಮ್ಮೆ ಬಿಲಕ್ಕೆ ಓಡಿಸಿದರೆ ಅದು ಮತ್ತೆ ಬರುವುದು ಬಹಳ ಹೊತ್ತಿನ ಮೇಲೆ, ಕೆಲವೊಮ್ಮೆ ಮರುದಿನ. ಅದು ನಮಗೆ ಸುಲಭವಾಗಿ ಕಾಣುವಂತೆ ಮಾಡುವ ಕಾರಣವೇ ಅದನ್ನು ಆ ದಿನಗಳಲ್ಲಿ ಅತ್ಯಂತ ದುರ್ಬಲವಾಗಿಯೂ ಇಟ್ಟಿರುತ್ತದೆ. ವಾಹನದೊಳಗೆ ಅಥವಾ ನೆಲದ ಮೇಲೆ ಮೂವತ್ತು ನಲವತ್ತು ಅಡಿ ದೂರದಲ್ಲಿ ಕುಳಿತು, ದುರ್ಬೀನಿನಿಂದ ನೋಡಿ.

ಸಾಂಡಾದ ಕೊಬ್ಬಿನಿಂದ ತೆಗೆದ ಎಣ್ಣೆ ನೋವಿಗೂ ಪುರುಷತ್ವಕ್ಕೂ ಮದ್ದೆಂಬ ಸುಳ್ಳನ್ನು ಉತ್ತರ ಭಾರತದ ಬೀದಿಗಳಲ್ಲಿ ಇಂದಿಗೂ ಮಾರುತ್ತಾರೆ, ಅದಕ್ಕಾಗಿ ಬಿಲಗಳನ್ನು ಅಗೆದು ಪ್ರಾಣಿಗಳ ಬೆನ್ನುಮೂಳೆ ಮುರಿಯುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಬಿಲಗಳ ನಿಖರ ಸ್ಥಳವನ್ನು ತಿಳಿಸುವ ಚಿತ್ರಗಳನ್ನು ಫೋನಿನಲ್ಲಿ ಹಂಚಬೇಡಿ. ಚಿತ್ರದೊಂದಿಗೆ ಸ್ಥಳದ ಗುರುತನ್ನು ದಾಖಲಿಸುವ ಸೌಲಭ್ಯವನ್ನು ಹೊರಡುವ ಮೊದಲೇ ನಿಲ್ಲಿಸಿಡಿ. ಚಿತ್ರಕ್ಕಾಗಿ ಒಂದು ಸಾಂಡಾವನ್ನು ಅಗೆದು ಕೊಡುತ್ತೇನೆಂದು ಯಾರಾದರೂ ಮುಂದೆ ಬಂದರೆ ಹಣ ಕೊಡದೆ, ಆ ದಿನವೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ನಮಸ್ಕಾರ.